ಪದ ಪರಿಚಯ: ತಪ್ಪಿತಸ್ಥ ಭಾವ

ಅವಘಡವೊಂದರಲ್ಲಿ ಒಡಹುಟ್ಟಿದವರನ್ನೋ ಗೆಳೆಯರನ್ನೋ ಕಳೆದುಕೊಂಡು ತಾನು ಮಾತ್ರ ಉಳಿದ ಮಗು, ನಡೆದದ್ದಕ್ಕೆಲ್ಲ ತಾನೇ ಹೊಣೆ ಎಂದು ಒಳಗೊಳಗೇ ನಂಬಿಕೊಳ್ಳುವುದನ್ನು ಕನ್ನಡ ಬರಹಗಳು ಪಾಪಪ್ರಜ್ಞೆ, ಅಪರಾಧಿ ಪ್ರಜ್ಞೆ, ತಪ್ಪಿತಸ್ಥ ಭಾವ ಎಂದು ಮೂರು ಬಗೆಯಲ್ಲಿ ಕರೆಯುತ್ತವೆ. ಮೂರೂ ಒಂದೇ ಎಂಬಂತೆ ಬಳಕೆಯಲ್ಲಿದ್ದರೂ ಮಕ್ಕಳ ಮಟ್ಟಿಗೆ ಮೂರನೆಯದೇ ಸರಿಯಾದ ಪದ ಎಂದು ನನಗೆ ಅನಿಸುತ್ತದೆ. ಪ್ರಜ್ಞೆ ಎಂದರೆ ಅರಿವು. ಪಾಪಪ್ರಜ್ಞೆ ಎಂದೊಡನೆ ಪಾಪವೊಂದು ನಡೆದಿದೆ, ಅದರ ಅರಿವು ಮಗುವಿಗೆ ಆಗಿದೆ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಭಾವ ಎಂಬುದಕ್ಕೆ ಆ ಹೊರೆಯಿಲ್ಲ. ಮೇಲಾಗಿ ಕನ್ನಡದಲ್ಲಿ ಪಾಪ ಎಂಬ ಮಾತಿಗೆ ಎರಡು ಮುಖಗಳಿವೆ. ಸಾವಿನ ಮನೆಗೆ ಬಂದ ಹೆಂಗಸರು ಉಳಿದ ಮಗುವಿನ ತಲೆ ಸವರಿ "ಪಾಪ, ಪಾಪ" ಎನ್ನುವುದು ಮರುಕದಿಂದ. ಆದರೆ ಸುಳ್ಳು ಹೇಳಿದರೆ ಪಾಪ, ಇರುವೆ ತುಳಿದರೆ ಪಾಪ ಎಂದು ಕೇಳುತ್ತಲೇ ಬೆಳೆದ ಮಗುವಿಗೆ ಆ ಹೊತ್ತಿನಲ್ಲಿ ಯಾವ ಅರ್ಥ ತಾಗುತ್ತದೆಂದು ಹೇಳುವುದು ಕಷ್ಟ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆದಿರುವ ಆಗಸ್ಟ್ ತಿಂಗಳು. ತಾಯಿ ತಂದೆ ಗದ್ದೆಯಲ್ಲಿದ್ದಾರೆ. ಒಂಬತ್ತು ವರ್ಷದ ಅಣ್ಣ, ಆರು ವರ್ಷದ ತಮ್ಮ ಉಪಕಾಲುವೆಯ ದಂಡೆಯ ಮೇಲೆ ಚೆಂಡಾಡುತ್ತಿದ್ದಾರೆ. ಚೆಂಡು ಆಚೆಯ ಬದುವಿಗೆ ಉರುಳಿತೆಂದು ಅಣ್ಣ ತರಲು ಹೋಗುತ್ತಾನೆ, ತಿರುಗಿ ಬರುವಷ್ಟರಲ್ಲಿ ತಮ್ಮ ಕಾಲುಜಾರಿ ನೀರಿಗೆ ಬಿದ್ದಿರುತ್ತಾನೆ. ಸಿಮೆಂಟು ಹಾಕಿದ ಇಳಿಜಾರು ಅಂಚು, ಅದರ ಮೇಲೆ ಬೆಳೆದ ಪಾಚಿ, ತುಂಬಿ ಹರಿಯುವ ನೀರಿನ ಸೆಳೆತ, ಇವು ಮೂರೂ ಸೇರಿದ ಕಡೆ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಿ ಬರುವುದು ಸುಲಭವಲ್ಲ. ಹುಡುಗ ಒಂಬತ್ತು ದಿನವಾದರೂ ಅಳುವುದಿಲ್ಲ. ಹತ್ತನೆಯ ದಿನ ಶಾಲೆಯಲ್ಲಿ ಪಕ್ಕದವನ ಪಾಟಿಯನ್ನು ಕಲ್ಲಿಗೆ ಬಡಿದು ಒಡೆಯುತ್ತಾನೆ.

ಅವನೊಳಗೆ ನಡೆದಿರುವುದನ್ನು ತಿಳಿಯಲು ಕನ್ನಡ ವ್ಯಾಕರಣದ ಒಂದು ಸಣ್ಣ ಪ್ರತ್ಯಯ ನೆರವಾಗುತ್ತದೆ. ಬೀಳು ಎಂಬುದಕ್ಕೆ "ಇಸು" ಸೇರಿದರೆ ಬೀಳಿಸು, ಮುಳುಗು ಎಂಬುದಕ್ಕೆ ಸೇರಿದರೆ ಮುಳುಗಿಸು. ತಮ್ಮ ಬಿದ್ದ, ಮುಳುಗಿದ. ಇದು ನಡೆದ ಸಂಗತಿ. ಮೊದಲ ದಿನಗಳಲ್ಲಿ ಹುಡುಗನ ಮನಸ್ಸು ಇದನ್ನು "ನನ್ನಿಂದನ ಆತು" ಎಂದು ಹೇಳಿಕೊಳ್ಳುತ್ತದೆ. ವಾರ ಕಳೆಯುವುದರೊಳಗೆ ಅದೇ ಮಾತು "ನಾನ ಬೀಳಿಸಿದೆ, ನಾನ ಸಾಯಿಸಿದೆ" ಎಂದಾಗುತ್ತದೆ. ಇಲ್ಲದ "ಇಸು" ಒಂದನ್ನು ನಡೆದದ್ದಕ್ಕೆ ಅಂಟಿಸಿಕೊಳ್ಳುವುದೇ ತಪ್ಪಿತಸ್ಥ ಭಾವ ಎಂದರೆ ವಿವರಣೆಯ ಅರ್ಧ ಮುಗಿದಂತೆ. ಪಶ್ಚಾತ್ತಾಪ ಬೇರೆ: ಅಲ್ಲಿ ಮಾಡಿದ ಕೆಲಸವೊಂದು ನಿಜವಾಗಿಯೂ ಇರುತ್ತದೆ. ನಾಚಿಕೆಯೂ ಬೇರೆ: ಅಲ್ಲಿ ಪರರ ಕಣ್ಣು ಮುಖ್ಯ.

ಮಗು ಇದನ್ನು ಯಾಕೆ ಅಂಟಿಸಿಕೊಳ್ಳುತ್ತದೆ? ಎರಡರಿಂದ ಏಳು ವರ್ಷದವರೆಗಿನ ಮಕ್ಕಳು ಜಗತ್ತನ್ನು ತಮ್ಮನ್ನೇ ನಡುವಿಟ್ಟುಕೊಂಡು ಕಾಣುತ್ತಾರೆ ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರಿಸಿದ್ದರು. ಆ ವಯಸ್ಸಿನಲ್ಲಿ ಎಣಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಗೋಡೆ ತೀರ ತೆಳು. ಬೆಳಿಗ್ಗೆ ಜಗಳದಲ್ಲಿ "ಸತ್ತ ಹೋಗು" ಎಂದದ್ದು ಸಂಜೆ ನಿಜವಾದರೆ ತನ್ನ ಮಾತೇ ಕೊಂದಿತೆಂದು ಮಗು ನಂಬಬಲ್ಲದು. 1948ರಲ್ಲಿ ಹಂಗೆರಿಯ ಮರಿಯಾ ನಾಗಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದಕ್ಕಿಂತ ಚಿಕ್ಕ ಮಕ್ಕಳಿಗೆ ಸಾವು ಎಂದರೆ ಎಲ್ಲಿಗೋ ಹೋಗುವುದು ಅಥವಾ ಮಲಗುವುದು. ಅದು ತಿರುಗಿ ಬಾರದ, ಯಾರನ್ನೂ ಬಿಡದ ಸಂಗತಿ ಎಂಬ ತಿಳಿವಳಿಕೆ ಒಂಬತ್ತರ ಆಸುಪಾಸಿನಲ್ಲಿ ಮೂಡುತ್ತದೆ. ನಮ್ಮ ಕಲ್ಪನೆಯ ಹುಡುಗ ಆ ಹೊಸ್ತಿಲ ಮೇಲೆಯೇ ನಿಂತಿದ್ದಾನೆ. ತಮ್ಮ ಬರುವುದಿಲ್ಲ ಎಂದು ಅವನಿಗೆ ಗೊತ್ತು, ಆದರೆ ಕಾರಣವಿಲ್ಲದೆಯೂ ಹೀಗಾಗುತ್ತದೆ ಎಂಬುದು ಇನ್ನೂ ಅವನ ಕೈಗೆ ಸಿಕ್ಕಿಲ್ಲ.

ಇದಕ್ಕಿಂತ ಆಳದ ಇನ್ನೊಂದು ಕಾರಣವಿದೆ, ಅದು ದೊಡ್ಡವರಿಗೂ ಅನ್ವಯಿಸುತ್ತದೆ. ತಪ್ಪು ತನ್ನದಾದರೆ ಅದನ್ನು ತಪ್ಪಿಸಬಹುದಾಗಿತ್ತು, ಅಂದರೆ ಮುಂದೆಯೂ ತಪ್ಪಿಸಬಹುದು. ತಪ್ಪು ಯಾರದೂ ಅಲ್ಲವಾದರೆ ನಾಳೆ ತಾಯಿಯೂ ಹೀಗೆಯೇ ಹೋಗಬಹುದು. ಈ ಎರಡನೆಯ ಭಯಕ್ಕಿಂತ ಮೊದಲನೆಯ ನೋವೇ ಮಗುವಿಗೆ ಹಗುರ. ಅಮೆರಿಕದ ಮನಶ್ಶಾಸ್ತ್ರಜ್ಞೆ ರೋನಿ ಜಾನೋಫ್ ಬುಲ್ಮನ್ 1979ರಲ್ಲಿ ತನ್ನನ್ನು ತಾನೇ ದೂಷಿಸಿಕೊಳ್ಳುವುದರಲ್ಲಿ ಎರಡು ಬಗೆಗಳನ್ನು ಗುರುತಿಸಿದರು: "ನಾನು ಮಾಡಿದ್ದು ತಪ್ಪು" ಎಂಬುದೊಂದು, "ನಾನೇ ಕೆಟ್ಟವನು" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಿದ್ದಿಕೊಳ್ಳುವ ದಾರಿ ಉಳಿದಿರುತ್ತದೆ. ಎರಡನೆಯದು ಎಲ್ಲ ಬಾಗಿಲನ್ನೂ ಮುಚ್ಚುತ್ತದೆ.

ಇನ್ನು ಸಿಟ್ಟು. ಒಡೆದ ಪಾಟಿಯನ್ನು ಕಂಡವರು ಹುಡುಗ ಉಡಾಳನಾದನೆಂದೋ, ದಿಗಿಲು ಬಿದ್ದಿದ್ದಾನೆ, ಅಂತ್ರ ಕಟ್ಟಿಸಬೇಕೆಂದೋ ಹೇಳುತ್ತಾರೆ. ಅಂತ್ರ ಕಟ್ಟಿಸುವುದನ್ನು ನಾನು ಹಗುರವಾಗಿ ಕಾಣುವವನಲ್ಲ. ಮನೆಮಂದಿಯೆಲ್ಲ ಒಟ್ಟಾಗಿ ಮಗುವಿಗಾಗಿ ಏನನ್ನೋ ಮಾಡಿದರೆಂಬುದೂ ಒಂದು ಆಸರೆಯೇ. ಆದರೆ ಆ ಸಿಟ್ಟು ತಪ್ಪಿತಸ್ಥ ಭಾವದಿಂದ ಬೇರೆಯಾದ ಇನ್ನೊಂದು ಕೆಡುಕಲ್ಲ, ಅದರದೇ ಹೊರಮೈ. ತಮ್ಮನನ್ನು ಕರೆದುಕೊಂಡು ಹೋಗು ಎಂದ ತಾಯಿಯ ಮೇಲೆ, ಹುಡುಕಲು ತಡಮಾಡಿದ ಊರವರ ಮೇಲೆ, ದೇವರ ಮೇಲೆ ಸಿಟ್ಟು ಇರುತ್ತದೆ. ಎಲ್ಲಕ್ಕಿಂತ ಬಾಯಿಬಿಟ್ಟು ಹೇಳಲಾಗದ ಸಿಟ್ಟು ಸತ್ತ ತಮ್ಮನ ಮೇಲಿನದು: ಅಲ್ಲೇ ನಿಲ್ಲು ಎಂದರೆ ಯಾಕೆ ನಿಲ್ಲಲಿಲ್ಲ? ಸತ್ತವನ ಮೇಲೆ ಸಿಟ್ಟಾಗುವುದು ಕೆಟ್ಟದ್ದೆಂದು ಹುಡುಗನಿಗೆ ಗೊತ್ತಿರುವುದರಿಂದ ಆ ಸಿಟ್ಟೇ ಹೊಸ ತಪ್ಪಾಗಿ ಹಳೆಯ ರಾಶಿಗೆ ಸೇರುತ್ತದೆ, ರಾಶಿ ಬೆಳೆದಷ್ಟೂ ಸಿಟ್ಟು ಹೆಚ್ಚುತ್ತದೆ. ಚಿಕ್ಕ ಮಕ್ಕಳಲ್ಲಿ ಇದೇ ಹೊಟ್ಟೆನೋವಾಗಿ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸವಾಗಿ, ಮುಳುಗುವ ಆಟವನ್ನೇ ಮತ್ತೆ ಮತ್ತೆ ಆಡುವುದಾಗಿ ಕಾಣಿಸಿಕೊಳ್ಳುತ್ತದೆ. ಒಂದು ಗಳಿಗೆ ಅತ್ತು ಮರುಗಳಿಗೆ ಗೋಲಿ ಆಡುವ ಮಗುವನ್ನು ನೋಡಿ ಅವನಿಗೇನೂ ಅನಿಸಿಲ್ಲ ಎನ್ನುವವರು, ಮಕ್ಕಳು ದುಃಖವನ್ನು ತುತ್ತು ತುತ್ತಾಗಿ ಮಾತ್ರ ನುಂಗಬಲ್ಲರೆಂಬುದನ್ನು ಮರೆತಿರುತ್ತಾರೆ.

ಬದುಕುಳಿದವರ ಈ ಭಾವವನ್ನು ವೈದ್ಯಶಾಸ್ತ್ರ ಗುರುತಿಸಿದ್ದು ಮಕ್ಕಳಿಂದಲ್ಲ. ನಾಜಿ ಸೆರೆಶಿಬಿರಗಳಿಂದ ಪಾರಾದವರಿಗೆ ಚಿಕಿತ್ಸೆ ನೀಡಿದ ವಿಲಿಯಂ ನೀಡರ್ಲ್ಯಾಂಡ್ 1960ರ ದಶಕದಲ್ಲಿ ಇದನ್ನು ವಿವರಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಆಘಾತೋತ್ತರ ಒತ್ತಡದ ಲಕ್ಷಣಗಳಲ್ಲಿ ಇದನ್ನೂ ಸೇರಿಸಿತ್ತು.

ದೊಡ್ಡವರ ಮಾತು ಇಲ್ಲಿ ಔಷಧವೂ ಆಗುತ್ತದೆ, ವಿಷವೂ ಆಗುತ್ತದೆ. "ನೀ ಸಂಗಾಟ ಇದ್ದೆಲ್ಲ, ನೋಡ್ಕೋಬಾರದಾಗಿತ್ತೇನು?" ಎಂಬ ಒಂದೇ ಪ್ರಶ್ನೆ, ದುಃಖದ ಭರದಲ್ಲಿ ಬಂದದ್ದಾದರೂ, ವರ್ಷಗಟ್ಟಲೆ ಕಿವಿಯಲ್ಲಿ ಉಳಿಯುತ್ತದೆ. "ಅವನ ಆಯುಷ್ಯ ಅಷ್ಟ ಇತ್ತು" ಎಂಬುದು ಹಿರಿಯರಿಗೆ ಸಮಾಧಾನ, ಮಗುವಿಗೆ ಒಗಟು. ದೇವರು ಕರೆದುಕೊಂಡ ಎಂದರೆ ಮುಂದಿನ ಸರದಿ ತನ್ನದೇನೋ ಎಂಬ ಭಯ. "ನಿನ್ನ ತಪ್ಪಲ್ಲ" ಎಂಬ ಒಳ್ಳೆಯ ಮಾತು ಕೂಡ ಬರಿದಾಗಿ ಬಂದರೆ ಸಾಲದು, ಏಕೆಂದರೆ ಮಗುವಿನ ಬಳಿ ಅದಕ್ಕೆ ವಿರುದ್ಧವಾದ ಪುರಾವೆಗಳ ದೊಡ್ಡ ಪಟ್ಟಿಯೇ ಇರುತ್ತದೆ. ಆಪ್ತಸಮಾಲೋಚಕರು ಬಳಸುವ ಒಂದು ವಿಧಾನ ಇಲ್ಲಿ ಒದಗಿ ಬರುತ್ತದೆ: ಹೊಣೆಯನ್ನು ಒಂದು ದುಂಡಗಿನ ಚಿತ್ರವಾಗಿ ಬರೆದು ಪಾಲು ಮಾಡುವುದು. ನಮ್ಮ ಕಡೆ ಅದನ್ನು ಜೋಳದ ರೊಟ್ಟಿ ಎನ್ನೋಣ. ಪಾಚಿಗೆ ಎಷ್ಟು ತುಂಡು? ನೀರಿನ ಸೆಳೆತಕ್ಕೆ? ಅಂಚಿನ ಇಳಿಜಾರಿಗೆ? ದಂಡೆಗೆ ಬೇಲಿ ಇಲ್ಲದ್ದಕ್ಕೆ? ಹತ್ತಿರ ದೊಡ್ಡವರು ಇಲ್ಲದ್ದಕ್ಕೆ? ಎಲ್ಲ ಮುರಿದು ಕೊಟ್ಟ ಮೇಲೆ, ಕೊನೆಗೆ, ಚೆಂಡು ತರಲು ಹೋದದ್ದಕ್ಕೆ. ಈ ಕ್ರಮ ಮುಖ್ಯ. ಮೊದಲೇ ಕೇಳಿದರೆ ಮಗು ಇಡೀ ರೊಟ್ಟಿಯನ್ನು ತನ್ನ ಮುಂದೆ ಎಳೆದುಕೊಳ್ಳುತ್ತದೆ.

ಆಟದ ನಡುವೆ ದೂಡಿದ್ದೋ, ಇಳಿ ನೋಡೋಣ ಎಂದು ಹುರಿದುಂಬಿಸಿದ್ದೋ ನಿಜವಾಗಿಯೇ ಇದ್ದಾಗ ಏನು ಮಾಡಬೇಕು? ಆಗ ನೀನೇನೂ ಮಾಡಿಲ್ಲ ಎಂದು ಸುಳ್ಳು ಹೇಳಬಾರದು. ಹೇಳಿದವರನ್ನು ಮಗು ಮತ್ತೆ ನಂಬುವುದಿಲ್ಲ. ಕಾರಣವಾಗುವುದು ಬೇರೆ, ತಪ್ಪಿತಸ್ಥನಾಗುವುದು ಬೇರೆ ಎಂಬುದನ್ನು ಕಾನೂನೂ ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೆಯ ಕಲಮಿನಂತೆ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತನ್ನ ಕೃತ್ಯದ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿಲ್ಲವಾದರೆ ಅದೂ ಅಪರಾಧವಲ್ಲವೆಂದು 21ನೆಯ ಕಲಮು ಹೇಳುತ್ತದೆ.

ಕೆಲವು ವಾರಗಳಾದರೂ ಮಗು ಊಟ, ನಿದ್ದೆ, ಶಾಲೆಗೆ ಮರಳದಿದ್ದರೆ, ಅದಕ್ಕೂ ಮೊದಲೇ ತಾನೂ ಸಾಯಬೇಕಿತ್ತು ಎಂದರೆ ಆ ಕ್ಷಣವೇ, ಮನೋವೈದ್ಯರ ಬಳಿ ಹೋಗಬೇಕು. ಇದಕ್ಕೆ ದೂರದ ಊರೇ ಆಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ "ಬಳ್ಳಾರಿ ಮಾದರಿ"ಯೇ ತಳಹದಿ. ಈಗ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ವಾಸಿಯಾಯಿತು ಎಂದು ಯಾವಾಗ ಹೇಳಬಹುದು? ಮರೆತಾಗ ಅಲ್ಲ, ಕಾಲುವೆ ಹರಿಯುವ ಊರಿನಲ್ಲಿ ಪ್ರತಿ ಮಳೆಗಾಲವೂ ನೆನಪಿಸುತ್ತದೆ. ಯಾರೂ ಕೇಳದೆಯೇ ಒಂದು ದಿನ ಹುಡುಗ, "ನಾ ಚೆಂಡು ತರಾಕ ಹೋಗಿದ್ದೆ, ಅಂವ ಜಾರಿ ಬಿದ್ದ" ಎಂದು, ಎಲ್ಲಿಯೂ "ಇಸು" ಸೇರಿಸದೆ ಹೇಳಿದರೆ, ಆಗ.