ತೋಟಕ್ಕೆ ಬಿದ್ದ ಕೋಳಿ ಹಿಡಿಯುವ ಹೊತ್ತು

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಗಳ ಸುತ್ತ ಯಾರ ಕೈಗೂ ಸಿಗದೆ ತಿರುಗುವ ಕೋಳಿಗಳಿರುತ್ತವೆ. ತೋಟದ ಕೂಲಿಯವರ ಲೈನ್‌ಮನೆ ಖಾಲಿ ಮಾಡಿದವರು ಬಿಟ್ಟುಹೋದವು, ಗೂಡು ಮರೆತವು, ಅವುಗಳ ಪಿಳ್ಳೆಗಳು. ಏಲಕ್ಕಿ ಬುಡದ ದರಗು ಕೆದರಿ ಬೇರು ಬಯಲು ಮಾಡುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಕಣದಲ್ಲಿ ಒಣಗುವ ಕಾಳುಮೆಣಸಿನ ಮೇಲೆ ಬೀಳುವ ಹಿಕ್ಕೆ. ಅದರಲ್ಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮೆಣಸು ಒಣಗಿದ ಮಾತ್ರಕ್ಕೆ ಸಾಯುವುದಿಲ್ಲ.

ಮೊದಲು ನೆರೆಮನೆಯವರನ್ನು ಕೇಳಿ, ಕೋಳಿ ಅವರದ್ದಿರಬಹುದು. ಕಾಡುಕೋಳಿಯೂ ಆಗಿರಬಹುದು. ನಮ್ಮ ತೋಟದಂಚಿಗೆ ಬರುವ ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮುಟ್ಟುವಂತಿಲ್ಲ. ಹಳದಿ ಕಾಲು ನೋಡಿ ತೀರ್ಮಾನಿಸಬೇಡಿ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ, ಚರ್ಮಕ್ಕೆ ಹಳದಿ ಕೊಡುವ ಜೀನು ಈ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರ ಸಂಶೋಧನೆ ತೋರಿಸಿತು. ಕತ್ತು, ಎದೆ ನೋಡಿ: ಹುಂಜದ ಕತ್ತಿನ ಗರಿಗಳಲ್ಲಿ ಮೇಣ ತೊಟ್ಟಿಕ್ಕಿದಂಥ ಹಳದಿ ಚುಕ್ಕೆಗಳು, ಹೇಂಟೆಯ ಎದೆಯಲ್ಲಿ ಕಪ್ಪಂಚಿನ ಬಿಳಿ ಗರಿಗಳು.

ಹಗಲು ಅಟ್ಟಿಸಿಕೊಂಡು ಹೋಗಬೇಡಿ. ಬೆದರಿದ ಕೋಳಿ ಮಲಗುವ ಮರ ಬದಲಿಸುತ್ತದೆ, ಅಷ್ಟೇ. ಕೋಳಿಯ ಕಣ್ಣು ಹಗಲಿಗೆ ಹೊಂದಿದ್ದು. ಕತ್ತಲಲ್ಲಿ ಅದು ಕೊಂಬೆ ಬಿಟ್ಟು ಕದಲುವುದೇ ಕಡಿಮೆ. ಹಲಸೋ ಹಾಲವಾಣವೋ, ಯಾವ ಮರ ಹತ್ತುತ್ತವೆಂದು ನಾಲ್ಕು ಸಂಜೆ ಗಮನಿಸಿ. ಐದನೆಯ ದಿನ ಪೂರ್ತಿ ಕತ್ತಲಾದ ಮೇಲೆ, ಮಂದ ಬೆಳಕಿನಲ್ಲಿ, ಎರಡು ರೆಕ್ಕೆಯನ್ನೂ ಮೈಗೆ ಒತ್ತಿ ಹಿಡಿದು ಗೋಣಿಚೀಲಕ್ಕೆ ಇಳಿಸಿ.

ಕೈಗೆಟುಕದಷ್ಟು ಎತ್ತರದಲ್ಲಿದ್ದರೆ ಬಲೆ ಹೊದಿಸಿದ ಗೂಡೇ ಗತಿ. ಬಾಗಿಲನ್ನು ತೆರೆದೇ ಕಟ್ಟಿಟ್ಟು, ಒಂದು ವಾರ ಒಂದೇ ಹೊತ್ತಿಗೆ ಒಳಗೆ ಒಂದೆರಡು ಹಿಡಿ ನುಚ್ಚು ಹಾಕಿ. ಇಡೀ ಗುಂಪು ಒಳಬಂದ ದಿನ ಮಾತ್ರ ಬಾಗಿಲು ಹಾಕಿ. ಆತುರಪಟ್ಟು ಎರಡನ್ನು ಹಿಡಿದರೆ ಉಳಿದವು ಆ ಗೂಡಿನ ಹತ್ತಿರ ಸುಳಿಯುವುದಿಲ್ಲ. ಈ ವಾರ ಹಟ್ಟಿ, ಕಣದಲ್ಲಿ ಕಾಳು ಚೆಲ್ಲಿದ್ದರೆ ನುಚ್ಚಿಗೆ ಬೆಲೆಯಿಲ್ಲ.

ಹುಂಜಗಳನ್ನು ಹಿಡಿದೆವು, ಇನ್ನು ಮರಿಯಾಗದು ಎಂದುಕೊಳ್ಳಬೇಡಿ. ಹೇಂಟೆಯ ದೇಹದಲ್ಲಿ ವೀರ್ಯ ಎರಡು ವಾರಕ್ಕೂ ಹೆಚ್ಚು ಉಳಿಯುತ್ತದೆ. ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳು ತಣ್ಣಗಿರುವಷ್ಟು ದಿನ ಒಳಗಿನ ಭ್ರೂಣ ಬೆಳೆಯದೆ ಕಾಯುತ್ತದೆ. ಕಾವಿಗೆ ಕೂತ 21 ದಿನಕ್ಕೆ ಎಲ್ಲವೂ ಒಟ್ಟಿಗೇ ಒಡೆಯುತ್ತವೆ. ಕಾಫಿ ಗಿಡದ ಬುಡದಲ್ಲಿ ಮೊಟ್ಟೆ ಕಂಡರೆ ಎಲ್ಲವನ್ನೂ ತೆಗೆಯಬೇಡಿ, ಹೇಂಟೆ ಜಾಗ ಬದಲಿಸಿಬಿಡುತ್ತದೆ. ಒಂದೆರಡನ್ನು ಬೇಯಿಸಿ, ಆರಿಸಿ, ಪೆನ್ಸಿಲ್ ಗುರುತು ಹಾಕಿ ಅಲ್ಲೇ ಇಡಿ. ಗುರುತಿಲ್ಲದ್ದನ್ನು ದಿನವೂ ತೆಗೆಯಿರಿ.

ಸಾಕುವುದಾದರೆ ಮೂರು ವಾರ ನಿಮ್ಮ ಕೋಳಿಗಳಿಂದ ದೂರವಿಡಿ. ಕೊಕ್ಕರೆ ರೋಗ (ರಾಣಿಖೇತ್) ಒಂದರಿಂದ ಇಡೀ ಹಿಂಡಿಗೆ ಹಬ್ಬುತ್ತದೆ. ಅಷ್ಟು ದಿನ ಮುಚ್ಚಿದ ಗೂಡಿನಲ್ಲೇ ಇದ್ದರೆ, ಬಿಟ್ಟ ಮೇಲೂ ಸಂಜೆ ಮರದ ಬದಲು ಗೂಡಿಗೇ ಬರುತ್ತವೆ.