ಅದಿತಿ ಅಶೋಕ್ ಮನೆಯಲ್ಲಿ ಮೊದಲೇ ಯಾರಾದರೂ ಗಾಲ್ಫ್ ಆಡುತ್ತಿದ್ದರಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗಳು ಅದಿತಿ ಅಶೋಕ್ ಆಡೋದನ್ನ ನೋಡಿ ತಾನೂ ಗಾಲ್ಫ್ ಕಲಿಯಬೇಕು ಅಂತ ಹಠ ಹಿಡಿದಿದ್ದಾಳೆ. ನಮ್ಮ ಮನೆಯಲ್ಲಿ ವಾಲಿಬಾಲ್ ಬಿಟ್ಟರೆ ಬೇರೆ ಆಟ ಯಾರಿಗೂ ಗೊತ್ತಿಲ್ಲ. ಇದಕ್ಕೆಲ್ಲ ಮನೆತನದ ಹಿನ್ನೆಲೆ ಬೇಕಲ್ವಾ?

ಉತ್ತರ: ಬೇಕಿಲ್ಲ. ಅದಿತಿ ಮನೆಯಲ್ಲೂ ಯಾರೂ ಗಾಲ್ಫ್ ಆಡುತ್ತಿರಲಿಲ್ಲ.

ಚಿಕ್ಕಮಗಳೂರು ಕಡೆಯಿಂದ ಈ ಪ್ರಶ್ನೆ ಬಂದರೆ ಆಶ್ಚರ್ಯ ಏನಿಲ್ಲ. ನಮ್ಮಲ್ಲಿ ಗಾಲ್ಫ್ ಅಂದರೆ ದೊಡ್ಡ ಎಸ್ಟೇಟಿನವರು ಭಾನುವಾರ ಕ್ಲಬ್ಬಿನಲ್ಲಿ ಆಡೋ ಆಟ ಅನ್ನೋ ಭಾವನೆ ಇದೆ. ಊರಲ್ಲೇ ಗಾಲ್ಫ್ ಕ್ಲಬ್ ಇದ್ದರೂ ಗೇಟಿನ ಒಳಗೆ ಕಾಲಿಡೋಕೆ ಎಷ್ಟೋ ಜನ ಹಿಂಜರಿಯುತ್ತಾರೆ.

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಅಪ್ಪ ಅಶೋಕ್ ಗುಡ್ಲಮನಿ, ಅಮ್ಮ ಮಹೇಶ್ವರಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಪಕ್ಕ ಒಂದು ಹೋಟೆಲಿತ್ತು. ಮನೆಯವರೆಲ್ಲ ಅಲ್ಲಿಗೆ ತಿಂಡಿಗೆ ಹೋಗುತ್ತಿದ್ದರು. ಕೂತಲ್ಲಿಂದಲೇ ಆಟ ಕಾಣುತ್ತಿತ್ತು. ಇದೇನು ನೋಡೋಣ ಅಂತ ಒಂದು ದಿನ ಒಳಗೆ ಹೋದರು. ಆಗ ಅದಿತಿಗೆ ಐದು ವರ್ಷ. ಮಗು ಶುರು ಮಾಡಿದ್ದು ಪಟ್ಟಿಂಗ್‌ನಿಂದ, ಅಂದರೆ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸೋದರಿಂದ. ಇದಕ್ಕೆ ತೋಳಿನ ಬಲ ಬೇಡ. ಕಣ್ಣಳತೆ ಬೇಕು, ತಾಳ್ಮೆ ಬೇಕು. ಇವತ್ತಿಗೂ ಅವರ ದೊಡ್ಡ ಬಲ ಅದೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಉಳಿದವರ ಚೆಂಡು ಇವರದ್ದಕ್ಕಿಂತ ಎಷ್ಟೋ ಮುಂದೆ ಹೋಗಿ ಬೀಳುತ್ತಿತ್ತು. ಆದರೂ ಇವರು ಕೊನೇ ದಿನದವರೆಗೂ ಪದಕದ ಲೆಕ್ಕದಲ್ಲಿದ್ದರು, ಪಟ್ಟಿಂಗ್ ನಂಬಿಕೊಂಡು. ಬಂದಿದ್ದು ನಾಲ್ಕನೇ ಸ್ಥಾನ.

ಮನೆತನಕ್ಕಿಂತ ಮನೆಯವರ ಸಮಯ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿಯ ಬ್ಯಾಗ್ ಹೊತ್ತವರು ಅಪ್ಪ. ಟೋಕಿಯೋದಲ್ಲಿ ಹೊತ್ತವರು ಅಮ್ಮ. ಕ್ಯಾಡಿ ಕೆಲಸ ಅಂದರೆ ಸುಮ್ನೆ ಹಿಂದೆ ಹಿಂದೆ ನಡೆಯೋದಲ್ಲ. ಬ್ಯಾಗಿನಲ್ಲಿ 14 ಕ್ಲಬ್‌ಗಳವರೆಗೆ, ಅಂದರೆ ಚೆಂಡು ಹೊಡೆಯೋ ಕೋಲುಗಳನ್ನು, ಇಟ್ಟುಕೊಳ್ಳಬಹುದು. ಅದನ್ನು ಹೊತ್ತು ದಿನಕ್ಕೆ 18 ಕುಳಿ ಸುತ್ತಬೇಕು. ಗಾಳಿ ಯಾವ ಕಡೆ, ಕುಳಿಗೆ ಎಷ್ಟು ದೂರ, ನೆಲ ಎತ್ತ ವಾಲಿದೆ ಅಂತ ನೋಡಿ ಹೇಳಬೇಕು. ಮೊದಲು ಆಟವೇ ಗೊತ್ತಿಲ್ಲದ ಅಪ್ಪ ಅಮ್ಮ ಮಗಳ ಜೊತೆ ಜೊತೆಗೇ ಇಷ್ಟನ್ನೂ ಕಲಿತರು ನೋಡಿ. ನನಗಂತೂ ಇದು ಟ್ರೋಫಿಗಿಂತ ದೊಡ್ಡ ಸಂಗತಿ ಅನ್ನಿಸುತ್ತದೆ.

ಇನ್ನು ಅಮೆಚೂರ್ ದಿನಗಳು. ದುಡ್ಡಿಗಾಗಿ ಆಡದವರನ್ನು ಗಾಲ್ಫ್‌ನಲ್ಲಿ ಅಮೆಚೂರ್ ಅನ್ನುತ್ತಾರೆ. ಹಾಗಂತ ಇವರೇನು ಹವ್ಯಾಸಕ್ಕೆ ಆಡೋರು ಅಂದುಕೊಳ್ಳಬೇಡಿ. ಮುಂದೆ ವೃತ್ತಿಪರರಾಗುವವರು ಪಳಗೋದೇ ಇಲ್ಲಿ. 2011ರಲ್ಲಿ ಅದಿತಿ ಕರ್ನಾಟಕ ಜೂನಿಯರ್ ಮತ್ತು ದಕ್ಷಿಣ ಭಾರತ ಜೂನಿಯರ್ ಗೆದ್ದರು. ಅದೇ ವರ್ಷ, 13ನೇ ವಯಸ್ಸಿಗೆ, ದೇಶದ ಮಹಿಳಾ ವೃತ್ತಿಪರರ ಟೂರ್‌ನ (ಸಾಲು ಸಾಲಾಗಿ ನಡೆಯೋ ಸ್ಪರ್ಧೆಗಳ ಸರಣಿ) ಒಂದು ಸ್ಪರ್ಧೆಯಲ್ಲೂ ದೊಡ್ಡವರನ್ನೆಲ್ಲ ಹಿಂದೆ ಹಾಕಿದರು. ಗೆದ್ದರೂ ಆಗಿನ ನಿಯಮದಲ್ಲಿ ಬಹುಮಾನದ ಹಣ ಮುಟ್ಟೋ ಹಾಗಿರಲಿಲ್ಲ, ಅಮೆಚೂರ್ ಅಲ್ವಾ!

2013ರಲ್ಲಿ ಏಷ್ಯನ್ ಯೂತ್ ಗೇಮ್ಸ್. 2014ರಲ್ಲಿ ಯೂತ್ ಒಲಿಂಪಿಕ್ಸ್, ಆಮೇಲೆ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲೂ ಆಡಿದರು. 2015ರಲ್ಲಿ ಬ್ರಿಟಿಷ್ ಲೇಡೀಸ್ ಅಮೆಚೂರ್ ಸ್ಟ್ರೋಕ್ ಪ್ಲೇ ಗೆದ್ದರು. ಅದನ್ನು ಗೆದ್ದ ಮೊದಲ ಭಾರತೀಯಳು ಇವರೇ. ಸ್ಟ್ರೋಕ್ ಪ್ಲೇ ಅಂದರೆ ಎಲ್ಲ ಸುತ್ತುಗಳಲ್ಲಿ ಹೊಡೆದ ಹೊಡೆತಗಳನ್ನು ಕೂಡಿಸೋದು, ಕಡಿಮೆ ಹೊಡೆದವರು ಗೆದ್ದ ಹಾಗೆ. ಒಂದು ಕುಳಿಯಲ್ಲಿ ಎಡವಿದರೂ ಆ ಲೆಕ್ಕ ಕೊನೇವರೆಗೆ ಬೆನ್ನು ಬಿಡೋದಿಲ್ಲ.

ಆ ಡಿಸೆಂಬರ್‌ನಲ್ಲಿ ಮೊರಾಕ್ಕೊಗೆ ಹೋಗಿ ಮಹಿಳೆಯರ ಯುರೋಪಿಯನ್ ಟೂರ್‌ನ ಅರ್ಹತಾ ಸ್ಪರ್ಧೆ ಗೆದ್ದರು. 2016ರ ಜನವರಿ 1ರಿಂದ ವೃತ್ತಿಪರ ಆಟಗಾರ್ತಿ. ಬೆಂಗಳೂರಿನ ಶಾಲೆಯಲ್ಲಿ 12ನೇ ತರಗತಿ ಮುಗಿಸಿದ್ದೂ ಅದೇ ವರ್ಷ. ಯುರೋಪಿಯನ್ ಟೂರ್‌ನಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಅನ್ನೋ ಗೌರವವೂ ಆ ವರ್ಷವೇ ಬಂತು. ಅದರ ನಂತರದ ಕಥೆ ನಿಮಗೆ ಟಿವಿಯಿಂದಲೇ ಗೊತ್ತಿರುತ್ತದೆ.

ದುಡ್ಡಿನ ಮಾತು ಮುಚ್ಚಿಡೋದು ಬೇಡ. ಕ್ಲಬ್‌ಗಳು, ಕೋಚಿಂಗ್, ಓಡಾಟ, ಎಲ್ಲಕ್ಕೂ ಖರ್ಚಿದೆ. ಅದಿತಿ ಮನೆಗೆ ಒಂದು ಅನುಕೂಲವಂತೂ ಇತ್ತು: ಗಾಲ್ಫ್ ಮೈದಾನ ಅವರ ಊರಲ್ಲೇ ಇತ್ತು, ರಾಜ್ಯದ ದೊಡ್ಡ ಸ್ಪರ್ಧೆಗಳೂ ಅಲ್ಲೇ. ನಿಮಗೆ ಚಿಕ್ಕಮಗಳೂರಿಂದ ಬೆಂಗಳೂರು ಸುಮಾರು 240 ಕಿಲೋಮೀಟರ್, ಮೂಡಿಗೆರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ನಮ್ಮ ಮಳೆಗಾಲ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಒಣಗೋದೇ ಅಪರೂಪ.

ಹಣ ಇಲ್ಲದೆಯೂ ಮೇಲೆ ಬಂದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಎಸ್. ಚಿಕ್ಕರಂಗಪ್ಪ ಬಿಡದಿ ಹತ್ತಿರದ ಗಾಲ್ಫ್ ಕೋರ್ಸ್‌ನಲ್ಲಿ ಚೆಂಡು ಹೆಕ್ಕುತ್ತಾ, ಬ್ಯಾಗ್ ಹೊರುತ್ತಾ ಆಟ ಕಲಿತವರು. ಅಲ್ಲಿನ ಕೋಚ್ ಕಣ್ಣಿಗೆ ಬಿದ್ದು, ಅಮೆಚೂರ್ ಆಗಿ ಹೆಸರು ಮಾಡಿ, ಆಮೇಲೆ ವೃತ್ತಿಪರರಾದರು. ಆದರೆ ಅಂಥ ಕೋಚ್ ಎಲ್ಲರಿಗೂ ಸಿಗೋದಿಲ್ಲ. ಅದನ್ನೇ ನಂಬಿ ಕೂರೋದು ಬೇಡ.

ಈಗಲೇ ಪೂರ್ತಿ ಕ್ಲಬ್ ಸೆಟ್ ಕೊಳ್ಳಬೇಡಿ. ಮಕ್ಕಳು ಬೆಳೆದ ಹಾಗೆ ಅದರ ಉದ್ದ ಸಾಲದೇ ಬರುತ್ತದೆ. ಮೆಂಬರ್ ಅಲ್ಲದವರ ಮಕ್ಕಳಿಗೆ ಕಲಿಸುತ್ತೀರಾ, ಕ್ಲಬ್‌ಗಳನ್ನು ಬಾಡಿಗೆಗೆ ಕೊಡುತ್ತೀರಾ ಅಂತ ಹತ್ತಿರದ ಗಾಲ್ಫ್ ಕ್ಲಬ್ಬಿಗೆ ಹೋಗಿ ಕೇಳಿ. ಮಗಳ ಎತ್ತರಕ್ಕೆ ಹೊಂದುವ ಒಂದು ಪಟರ್ (ಪಟ್ಟಿಂಗ್ ಮಾಡೋ ಕ್ಲಬ್) ಇದ್ದರೆ ಮಳೆಗಾಲದಲ್ಲೂ ಹಜಾರದ ಚಾಪೆ ಮೇಲೆ ಅಭ್ಯಾಸ ಮಾಡಬಹುದು. ಮುಂದೆ ಸ್ಪರ್ಧೆಗೆ ಇಳಿದಾಗ ಬಹುಮಾನದ ನಿಯಮ ಕೇಳಿ ತಿಳಿದುಕೊಳ್ಳಿ. 2022ರ ನಿಯಮದ ಪ್ರಕಾರ, ಹ್ಯಾಂಡಿಕ್ಯಾಪ್ (ಕಡಿಮೆ ಪಳಗಿದವರಿಗೆ ಕೊಡೋ ಹೊಡೆತಗಳ ರಿಯಾಯಿತಿ) ಇಲ್ಲದ ಸ್ಪರ್ಧೆಗಳಲ್ಲಿ ಅಮೆಚೂರ್‌ಗಳು 700 ಪೌಂಡ್‌ವರೆಗೆ ನಗದು ಬಹುಮಾನ ತೆಗೆದುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಅಮೆಚೂರ್ ಸ್ಥಾನ ಹೋಗುತ್ತದೆ.