ಜಮೀನು ನಿಮ್ಮದು, ಚಿನ್ನ ಯಾರದ್ದು?

ಪ್ರಶ್ನೆ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬಲ್ಲಾರಟ್ ಹತ್ತಿರ ಕುರಿ ಮೇಯಿಸುವ ಜಮೀನೊಂದು ಮಾರಾಟಕ್ಕಿದೆ. ‘ಹಿಂದೆ ಚಿನ್ನದ ಗಣಿ ಇದ್ದ ಜಾಗ’ ಅಂತ ಜಾಹೀರಾತಿನಲ್ಲೇ ಹಾಕಿದ್ದಾರೆ. ಕೊಂಡರೆ ಅಡಿಯಲ್ಲಿರೋ ಚಿನ್ನವೂ ನಮ್ಮದೇ ಅಲ್ವಾ?

ಅಲ್ಲ. ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ.

ನೆಲ ಕೊಂಡರೆ ಪಾತಾಳದವರೆಗೂ ನಮ್ಮದೇ ಅನ್ನೋ ನಂಬಿಕೆ ಯಾಕೋ ಸಾಯುವುದೇ ಇಲ್ಲ. ಚಿನ್ನ, ಬೆಳ್ಳಿ ಯಾರ ಜಮೀನಿನಲ್ಲಿದ್ದರೂ ರಾಜಮನೆತನದ್ದೇ ಎಂದು ಇಂಗ್ಲೆಂಡಿನ ಕೋರ್ಟು 1568ರಲ್ಲೇ ಹೇಳಿತ್ತು. ಆ ಕಾನೂನು ಹಡಗು ಹತ್ತಿ ಇಲ್ಲಿಗೂ ಬಂತು. 1851ರಲ್ಲಿ ಚಿನ್ನದ ಸುದ್ದಿ ಹಬ್ಬಿದ ಕೂಡಲೇ ಸರ್ಕಾರ ಏನು ಮಾಡಿತು ಗೊತ್ತಾ? ಅಗೆಯುವ ಪ್ರತಿಯೊಬ್ಬರಿಂದಲೂ ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಶುಲ್ಕ ಕೇಳಿತು, ಚಿನ್ನ ಸಿಗಲಿ ಬಿಡಲಿ. ಆ ಸಿಟ್ಟೇ ಬೆಳೆದು 1854ರಲ್ಲಿ ಬಲ್ಲಾರಟ್‌ನ ಯುರೇಕಾದಲ್ಲಿ ಅಗೆಯುವವರಿಗೂ ಸರ್ಕಾರದ ಸೈನಿಕರಿಗೂ ನಡುವೆ ಗುಂಡು ಹಾರಿತು.

‘ನಮ್ಮದು ತುಂಬಾ ಹಳೇ ಪತ್ರ ಸಾರ್, ಅದರಲ್ಲಿ ಚಿನ್ನದ ಮಾತೇ ಇಲ್ಲ’ ಎನ್ನುವವರೂ ಇದ್ದಾರೆ. ಇದೇ ವಾದ ಆಗ ಇಲ್ಲಿನವರ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1877ರಲ್ಲಿ ಸೋತಿದೆ. ಪತ್ರದಲ್ಲಿ ಸುಮ್ನೆ ಬಿಟ್ಟುಹೋಗಿದ್ದರೆ ಚಿನ್ನ ನಿಮ್ಮದಾಗುವುದಿಲ್ಲ, ಅಷ್ಟೇ.

ಹುಡುಕೋ ಆಸೆ ಇದ್ದರೆ ಮೈನರ್ಸ್ ರೈಟ್, ಅಂದರೆ ಚಿನ್ನ ಹುಡುಕಲು ಸರ್ಕಾರ ಕೊಡುವ ಪರವಾನಗಿ, ತೆಗೆದುಕೊಳ್ಳಿ. 10 ವರ್ಷ ನಡೆಯುತ್ತದೆ, ಅದಿದ್ದವರಿಗೆ ಸಿಕ್ಕಿದ್ದು ಅವರದ್ದೇ. ಆದರೆ ಕೈ ಸಲಕರಣೆ, ಮೆಟಲ್ ಡಿಟೆಕ್ಟರ್ ಮಾತ್ರ. ಜೆಸಿಬಿ ತರುವ ಹಾಗಿಲ್ಲ. ಬೇರೆಯವರು ನಿಮ್ಮ ಜಮೀನಿಗೆ ಬರಬೇಕಾದರೆ ನಿಮ್ಮ ಒಪ್ಪಿಗೆ ಬೇಕು. 1869ರಲ್ಲಿ ಇದೇ ವಿಕ್ಟೋರಿಯಾದ ಮೊಲಿಯಾಗಲ್‌ನಲ್ಲಿ ಮರದ ಬುಡದಲ್ಲಿ, ಮಣ್ಣು ಕೆದರಿದಷ್ಟು ಆಳದಲ್ಲೇ, ‘ವೆಲ್‌ಕಮ್ ಸ್ಟ್ರೇಂಜರ್’ ಎಂಬ 70 ಕಿಲೋ ದಾಟಿದ ಚಿನ್ನದ ಗಟ್ಟಿ ಸಿಕ್ಕಿತ್ತು ನಿಜ. ಅದನ್ನು ನಂಬಿಕೊಂಡು ಬ್ಯಾಂಕ್ ಸಾಲ ಮಾಡಬೇಡಿ.

ನೀವು ಕೇಳಬೇಕಿದ್ದ ಪ್ರಶ್ನೆಯೇ ಬೇರೆ: ಗುಂಡಿಗಳು ಎಲ್ಲಿವೆ? ಜಮೀನು ನೋಡಲು ಹೋದಾಗ ಹುಲ್ಲಿನ ನಡುವೆ ಎಲ್ಲೋ ಒಂದು ಕಡೆ ನಾಲ್ಕು ಕಂಬ ನೆಟ್ಟು ತಂತಿ ಸುತ್ತಿದ್ದರೆ ಅದು ಹೂವಿನ ಪಾತಿ ಅಲ್ಲ, ಹಳೇ ಗಣಿಯ ಬಾಯಿ. ಮೇಲೆ ಹಾಸಿದ ಮರ ಕೊಳೆತು, ಅದರ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿದ್ದರೆ ಇನ್ನೂ ಕಷ್ಟ. ಕುರಿ ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಜಾಗ ತೋರಿಸುವವರನ್ನು ಇದನ್ನೇ ಮೊದಲು ಕೇಳಿ, ಹಳೇ ಗಣಿಗಳ ಸರ್ಕಾರಿ ನಕ್ಷೆಯನ್ನೂ ನೋಡಿ.

ಹಾಗೇ, ಅದಿರು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಸುರಿದ ನುಣ್ಣನೆಯ ಮರಳಿನ ದಿಬ್ಬ ಕಂಡರೆ ಮಕ್ಕಳನ್ನು ಆಡಲು ಬಿಡಬೇಡಿ. ಈ ಕಡೆಯ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಎಂಬ ವಿಷವೂ ಬರುತ್ತದೆ. ಪುಕ್ಕಟೆ ಮರಳು ಅಂತ ಅದನ್ನು ತಂದು ಅಂಗಳಕ್ಕೆ ಹಾಸಿಕೊಂಡವರೂ ಇದ್ದಾರೆ.